ಥರ್ಮಾಮೀಟರ್ ತೋರಿಸಿದ್ದೇ ತಾಪಮಾನವೇ? ಬ್ರಿಡ್ಜ್‌ಮನ್, ಆಪರೇಷನಲಿಸಂ ಮತ್ತು ಸಾಧನವಾದದ ಬಗ್ಗೆ ಚರ್ಚೆ

ಧಾರವಾಡದ ಮೇಷ್ಟ್ರು (ಚರ್ಚೆ ಆರಂಭಿಸಿದವರು)

ಗ್ಮೆಲಿನ್ ಎಂಬ ಜರ್ಮನ್ ನಿಸರ್ಗಶಾಸ್ತ್ರಜ್ಞರು ಸೈಬೀರಿಯಾದಲ್ಲಿ ಸಂಚರಿಸುತ್ತಿದ್ದಾಗ, 1734–35ರ ಚಳಿಗಾಲದಲ್ಲಿ, ಯೆನಿಸೈಸ್ಕ್ ಎಂಬ ಊರಿನಲ್ಲಿ ತಮ್ಮ ಪಾದರಸದ ಥರ್ಮಾಮೀಟರ್ ಸೊನ್ನೆಗಿಂತ 120 ಡಿಗ್ರಿ ಫ್ಯಾರನ್‌ಹೀಟ್ ಕೆಳಗೆ ಇಳಿದದ್ದನ್ನು ದಾಖಲಿಸಿದರು. ಸೆಲ್ಸಿಯಸ್ ಲೆಕ್ಕದಲ್ಲಿ ಅದು ಸುಮಾರು ಮೈನಸ್ 84. ಉಪಕರಣ ಒಡೆದಿರಲಿಲ್ಲ, ಅವರು ಗೆರೆಯನ್ನು ತಪ್ಪಾಗಿ ಓದಿರಲೂ ಇಲ್ಲ. ಆದರೂ ಆ ದಿನ ಅಲ್ಲಿ ಅಷ್ಟು ಚಳಿ ಇರಲಿಲ್ಲ. ಪಾದರಸವು ಮೈನಸ್ 38.83 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುತ್ತದೆ, ಹೆಪ್ಪುಗಟ್ಟುವಾಗ ಗಣನೀಯವಾಗಿ ಕುಗ್ಗುತ್ತದೆ. ಕೊಳವೆಯಲ್ಲಿ ಇಳಿದದ್ದು ಈ ಕುಗ್ಗುವಿಕೆಯ ಫಲ. ಅದನ್ನು ಚಳಿಯೆಂದು ಓದಲಾಯಿತು.

ಪಾದರಸವೂ ಹೆಪ್ಪುಗಟ್ಟಬಲ್ಲದು ಎಂಬುದೇ ಅಂದಿನವರಿಗೆ ತಿಳಿದಿರಲಿಲ್ಲ. 1759ರ ಡಿಸೆಂಬರ್‌ನಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಬ್ರೌನ್ ಅವರು ಹಿಮ ಮತ್ತು ನೈಟ್ರಿಕ್ ಆಮ್ಲದ ಮಿಶ್ರಣದಲ್ಲಿ ಅದನ್ನು ಗಟ್ಟಿಯಾಗಿಸಿ ತೋರಿಸಿದರು. ಆದರೆ ಎಷ್ಟು ಡಿಗ್ರಿಯಲ್ಲಿ ಗಟ್ಟಿಯಾಗುತ್ತದೆ ಎಂಬುದು ಇತ್ಯರ್ಥವಾಗಲು ಮತ್ತೆ ಎರಡು ದಶಕ ಹಿಡಿಯಿತು. ಹಡ್ಸನ್ ಕೊಲ್ಲಿಯ ಕೋಟೆಯೊಂದರಲ್ಲಿದ್ದ ಹಚಿನ್ಸ್ ಅವರು 1781–82ರಲ್ಲಿ ಮಾಡಿದ ಪ್ರಯೋಗ ಬಹಳ ಸರಳವಾದದ್ದು, ಬಹಳ ಜಾಣತನದ್ದು. ಅದಕ್ಕೆ ಬೇಕಾದ ಉಪಕರಣವನ್ನು ಲಂಡನ್ನಿನಿಂದ ಕ್ಯಾವೆಂಡಿಷ್ ಯೋಜಿಸಿ ಕೊಟ್ಟಿದ್ದರು. ಪಾದರಸ ತುಂಬಿದ ಒಂದು ಗಾಜಿನ ಪಾತ್ರೆ, ಅದರೊಳಗೆ ಮುಳುಗಿಸಿದ ಒಂದು ಚಿಕ್ಕ ಪಾದರಸದ ಥರ್ಮಾಮೀಟರ್. ಹೊರಗಿನ ಪಾದರಸ ಹೆಪ್ಪುಗಟ್ಟತೊಡಗಿದಾಗ, ಅದು ಪೂರ್ತಿ ಗಟ್ಟಿಯಾಗುವವರೆಗೆ ತಾಪಮಾನ ಒಂದೇ ಕಡೆ ನಿಲ್ಲುತ್ತದೆ. ಒಳಗಿನ ಥರ್ಮಾಮೀಟರ್ ಇನ್ನೂ ದ್ರವವಾಗಿಯೇ ಇದ್ದು ಆ ನಿಲುಗಡೆಯನ್ನು ತೋರಿಸುತ್ತದೆ. ನೂರಾರು ಡಿಗ್ರಿಗಳ ಹಳೆಯ ಅಂಕಿಗಳೆಲ್ಲ ಅಲ್ಲಿಗೆ ಬಿದ್ದುಹೋದವು.

ಈಗ ಹಾರ್ವರ್ಡ್‌ನ ಪರ್ಸಿ ಬ್ರಿಡ್ಜ್‌ಮನ್ ಅವರ ಮಾತಿಗೆ ಬರೋಣ. ಅಧಿಕ ಒತ್ತಡದ ಭೌತಶಾಸ್ತ್ರಕ್ಕಾಗಿ 1946ರ ನೊಬೆಲ್ ಪಡೆದ ಇವರು, 1927ರಲ್ಲಿ ಪ್ರಕಟಿಸಿದ ‘ದಿ ಲಾಜಿಕ್ ಆಫ್ ಮಾಡರ್ನ್ ಫಿಸಿಕ್ಸ್’ ಎಂಬ ಪುಸ್ತಕದಲ್ಲಿ, ಒಂದು ಪರಿಕಲ್ಪನೆಯ ಅರ್ಥವೆಂದರೆ ಅದನ್ನು ಅಳೆಯಲು ನಾವು ಮಾಡುವ ಕ್ರಿಯೆಗಳ ಸಮೂಹವೇ ಹೊರತು ಬೇರೇನೂ ಅಲ್ಲ ಎಂದು ವಾದಿಸಿದರು. ಅಳೆಯುವ ಕೋಲನ್ನು ಒಂದರ ಮುಂದೊಂದು ಇಟ್ಟು ಪಡೆದ ಉದ್ದವೂ, ಬೆಳಕನ್ನೂ ಕೋನಗಳನ್ನೂ ಬಳಸಿ ನಕ್ಷತ್ರಗಳ ನಡುವೆ ಲೆಕ್ಕ ಹಾಕಿದ ಉದ್ದವೂ ಕಟ್ಟುನಿಟ್ಟಾಗಿ ನೋಡಿದರೆ ಎರಡು ಬೇರೆ ಪರಿಕಲ್ಪನೆಗಳು ಎಂಬಲ್ಲಿಯವರೆಗೂ ಅವರು ಹೋದರು. ಇದೇ ಆಪರೇಷನಲಿಸಂ.

ನನ್ನ ಪ್ರಶ್ನೆ ಇಷ್ಟು. ಪಾದರಸದ ಥರ್ಮಾಮೀಟರನ್ನು ಓದುವ ಕ್ರಿಯೆಯೇ ತಾಪಮಾನದ ಅರ್ಥವಾಗಿದ್ದರೆ, ಗ್ಮೆಲಿನ್ ಅವರ ಮೈನಸ್ 120 ತಪ್ಪಾಗಲು ಸಾಧ್ಯವೇ ಇರಲಿಲ್ಲ. ನಾವು ಅದನ್ನು ತಪ್ಪು ಎನ್ನುತ್ತೇವೆ. ಹಾಗೆನ್ನುವಾಗ ಯಾವುದನ್ನು ಆಧಾರವಾಗಿಟ್ಟುಕೊಂಡಿದ್ದೇವೆ? “ಯಾವ ಕ್ರಿಯೆಯಿಂದ ಅಳೆದಿರಿ?” ಎಂದು ಕೇಳಲು ಬ್ರಿಡ್ಜ್‌ಮನ್ ಕಲಿಸಿದ್ದು ವಿಜ್ಞಾನಕ್ಕೆ ಸಿಕ್ಕ ದೊಡ್ಡ ಶಿಸ್ತು ಎಂದೇ ನಾನು ನಂಬಿದ್ದೇನೆ. ಆದರೆ ಆ ಪ್ರಶ್ನೆಗೆ ಬರುವ ಉತ್ತರದಲ್ಲೇ ಪರಿಕಲ್ಪನೆಯ ಅರ್ಥ ಮುಗಿದುಹೋಗುತ್ತದೆ ಎಂಬುದನ್ನು ಒಪ್ಪಲು ನನ್ನಿಂದ ಆಗುತ್ತಿಲ್ಲ. ಈ ಕ್ಷೇತ್ರಗಳಲ್ಲಿ ಕೆಲಸ ಮಾಡುವವರು ಏನೆನ್ನುತ್ತಾರೆ ಎಂದು ತಿಳಿಯುವ ಆಸೆ.

ಕ್ಯಾಲಿಬ್ರೇಶನ್ ಲ್ಯಾಬ್‌ನವರು

ಮೇಷ್ಟ್ರೇ, ಬ್ರಿಡ್ಜ್‌ಮನ್ ಅವರ ಪರವಾಗಿ ಒಬ್ಬರಾದರೂ ಮಾತಾಡಬೇಕು. ಅವರು ಆ ಮಾತನ್ನು ಹೇಳಿದ್ದು ಕುರ್ಚಿಯಲ್ಲಿ ಕೂತು ಯೋಚಿಸಿದ ತತ್ತ್ವಜ್ಞಾನಿಯಾಗಿ ಅಲ್ಲ. ಅವರಿಗಿಂತ ಹಿಂದಿನವರು ತಲುಪಿದ್ದ ಒತ್ತಡ ಸುಮಾರು ಮೂರು ಸಾವಿರ ವಾತಾವರಣಗಳಷ್ಟು. ಒತ್ತಡ ಏರಿದಷ್ಟೂ ತಾನೇ ಬಿಗಿಯಾಗುವ ಒಂದು ಸೀಲನ್ನು ಕಂಡುಹಿಡಿದು ಅವರು ಆ ಮಿತಿಯನ್ನು ಹಲವು ಪಟ್ಟು ದಾಟಿದರು. ದಾಟಿದ ಕೂಡಲೇ ಎದುರಾದ ಸಮಸ್ಯೆ ಏನು? ಅಲ್ಲಿ ಒತ್ತಡವನ್ನು ಅಳೆಯುವ ಉಪಕರಣವೇ ಇರಲಿಲ್ಲ. ತೂಕ ಹೇರಿದ ಪಿಸ್ಟನ್‌ನಿಂದ ನೇರವಾಗಿ ಅಳೆಯುವುದು ಒಂದು ಹಂತದವರೆಗೆ ಸಾಧ್ಯ. ಅದರಾಚೆಗೆ ಮ್ಯಾಂಗನಿನ್ ಎಂಬ ಮಿಶ್ರಲೋಹದ ತಂತಿಯ ವಿದ್ಯುತ್ ರೋಧ ಎಷ್ಟು ಬದಲಾಯಿತು ಎಂಬುದರಿಂದ ಒತ್ತಡವನ್ನು ಊಹಿಸಬೇಕು. ಆ ತಂತಿಯನ್ನು ಹೊಂದಿಸಲು ಅವರು ಬಳಸಿದ ಗುರುತು, ಸೊನ್ನೆ ಡಿಗ್ರಿಯಲ್ಲಿ ಪಾದರಸವು ಹೆಪ್ಪುಗಟ್ಟುವ ಒತ್ತಡ. ಅದು ಸುಮಾರು ಏಳೂವರೆ ಸಾವಿರ ವಾತಾವರಣ. ತಾನು ಕಾಲಿಟ್ಟ ಪ್ರದೇಶದಲ್ಲಿ ‘ಒತ್ತಡ’ ಎಂಬ ಪದಕ್ಕೆ ತಾನೇ ಕ್ರಿಯೆಯನ್ನು ಕಟ್ಟಿಕೊಡಬೇಕಾದ ಮನುಷ್ಯನಿಗೆ, ಕ್ರಿಯೆ ಬದಲಾದಲ್ಲಿ ಪರಿಕಲ್ಪನೆಯೂ ಬದಲಾಗಿರಬಹುದು ಎಂಬ ಎಚ್ಚರ ಹುಟ್ಟುವುದು ಸಹಜ.

ನಮ್ಮ ಕೆಲಸದಲ್ಲೂ ಇದೇ ಎಚ್ಚರ ದಿನವೂ ಬೇಕು. ನಮ್ಮಲ್ಲಿ ಬಳಕೆಯಲ್ಲಿರುವುದು 1990ರ ಅಂತರರಾಷ್ಟ್ರೀಯ ತಾಪಮಾನ ಮಾಪಕ. ಅದು ಶುದ್ಧ ಕ್ರಿಯಾಸೂತ್ರ. ನೀರಿನ ತ್ರಿಬಿಂದು (ಮಂಜುಗಡ್ಡೆ, ನೀರು, ಆವಿ ಮೂರೂ ಒಟ್ಟಿಗಿರುವ ಬಿಂದು) 0.01 ಡಿಗ್ರಿ, ಗ್ಯಾಲಿಯಂ ಕರಗುವುದು 29.7646, ಸತು ಹೆಪ್ಪುಗಟ್ಟುವುದು 419.527, ಬೆಳ್ಳಿ 961.78, ಈ ಬಿಂದುಗಳ ನಡುವೆ ಪ್ಲಾಟಿನಂ ರೋಧಮಾಪಕವನ್ನು ನಿಗದಿತ ಸಮೀಕರಣದಿಂದ ಓದಬೇಕು. ಗ್ಯಾಲಿಯಂ ಸೆಲ್ಲಿನಲ್ಲಿ ಲೋಹ ನಿಧಾನವಾಗಿ ಕರಗುತ್ತಿರುವಷ್ಟು ಹೊತ್ತೂ ಪರದೆಯ ಮೇಲಿನ ರೋಧದ ಅಂಕಿ ಕೊನೆಯ ಒಂದೆರಡು ಸ್ಥಾನಗಳನ್ನು ಬಿಟ್ಟರೆ ಅಲುಗಾಡುವುದಿಲ್ಲ. ಆ ನಿಲುಗಡೆಯನ್ನು ನೋಡಿದವರಿಗೆ ಕ್ರಿಯೆಯ ಮೇಲಿನ ಭರವಸೆ ಎಂದರೇನು ಎಂಬುದು ಅರ್ಥವಾಗುತ್ತದೆ. ಈ ಮಾಪಕದ ಪ್ರಕಾರ, ಸಮುದ್ರಮಟ್ಟದ ಪ್ರಮಾಣಿತ ಒತ್ತಡದಲ್ಲಿ ನೀರು ಕುದಿಯುವುದು 100 ಡಿಗ್ರಿಯಲ್ಲಿ ಅಲ್ಲ, 99.974ರಲ್ಲಿ. ಶಾಲೆಯಲ್ಲಿ ಕಲಿತ ಸಂಖ್ಯೆಗೆ ಏನಾಯಿತು ಎಂದು ಯಾರಾದರೂ ಕೇಳಿದರೆ, ಕ್ರಿಯೆ ಬದಲಾಯಿತು ಎಂಬುದೇ ನನ್ನ ಉತ್ತರ.

ಗ್ಮೆಲಿನ್ ವಿಚಾರದಲ್ಲಿ ಬ್ರಿಡ್ಜ್‌ಮನ್ ಹೀಗೆನ್ನಬಹುದು: ಕ್ರಿಯೆಯ ವಿವರಣೆಯಲ್ಲಿ “ಪಾದರಸವು ದ್ರವವಾಗಿರುವಾಗ” ಎಂಬ ಷರತ್ತನ್ನು ಸೇರಿಸಿದರೆ ಸಾಕು, ಆಪರೇಷನಲಿಸಂಗೆ ಯಾವ ಧಕ್ಕೆಯೂ ಇಲ್ಲ.

ಧಾರವಾಡದ ಮೇಷ್ಟ್ರು

ಷರತ್ತು ಸೇರಿಸಬಹುದು, ನಿಜ. ಆದರೆ ಯಾವ ಷರತ್ತು ಬೇಕು ಎಂದು ನಿರ್ಧರಿಸುವುದು ಯಾರು? ಕ್ರಿಯೆಯೇ ಅರ್ಥವಾದರೆ, ಹೊಸ ಷರತ್ತು ಸೇರಿದಾಗ ಹೊಸ ಪರಿಕಲ್ಪನೆ ಹುಟ್ಟಿತು ಎನ್ನಬೇಕಾಗುತ್ತದೆ. ನಾವು ಹಾಗೆನ್ನದೆ, ಅದೇ ತಾಪಮಾನವನ್ನು ಮೊದಲಿಗಿಂತ ಚೆನ್ನಾಗಿ ಅಳೆಯಲು ಕಲಿತೆವು ಎನ್ನುತ್ತೇವೆ. ಈ “ಚೆನ್ನಾಗಿ” ಎಂಬ ಪದಕ್ಕೆ ಆಪರೇಷನಲಿಸಂನಲ್ಲಿ ಜಾಗ ಎಲ್ಲಿದೆ ಎಂಬುದೇ ನನ್ನ ಸಂದೇಹ.

ತತ್ತ್ವಶಾಸ್ತ್ರದ ಓದುಗರು

ಚರ್ಚೆ ಮುಂದುವರಿಯುವ ಮೊದಲು ಎರಡು ವಾದಗಳನ್ನು ಬೇರ್ಪಡಿಸಿಕೊಳ್ಳುವುದು ಒಳ್ಳೆಯದು. ಶೀರ್ಷಿಕೆಯಲ್ಲಿ ಅವು ಒಟ್ಟಿಗೆ ನಿಂತಿವೆ. ಆಪರೇಷನಲಿಸಂ ಎಂಬುದು ಪರಿಕಲ್ಪನೆಗಳ ಅರ್ಥದ ಬಗೆಗಿನ ವಾದ. ಇನ್‌ಸ್ಟ್ರುಮೆಂಟಲಿಸಂ, ಅಂದರೆ ಸಾಧನವಾದ, ಸಿದ್ಧಾಂತಗಳ ಸ್ಥಾನಮಾನದ ಬಗೆಗಿನ ವಾದ: ಸಿದ್ಧಾಂತವೆಂಬುದು ಕಾಣುವ ಘಟನೆಗಳನ್ನು ಲೆಕ್ಕ ಹಾಕಲು, ಮುಂಗಾಣಲು ನೆರವಾಗುವ ಸಾಧನ, ಅದು ಲೋಕದ ಒಳರಚನೆಯನ್ನು ನಿಜವಾಗಿ ವರ್ಣಿಸುತ್ತದೆಯೇ ಎಂಬ ಪ್ರಶ್ನೆ ಅನಗತ್ಯ. ಒಂದನ್ನು ಒಪ್ಪಿದವರು ಇನ್ನೊಂದನ್ನು ಒಪ್ಪಲೇಬೇಕೆಂದಿಲ್ಲ.

ಸಾಧನವಾದದ ಇತಿಹಾಸದಲ್ಲಿ ಎಲ್ಲರೂ ನೆನೆಯುವ ಪ್ರಸಂಗ 1543ರದು. ಭೂಮಿಯೇ ಸೂರ್ಯನನ್ನು ಸುತ್ತುತ್ತದೆ ಎನ್ನುವ ಕೋಪರ್ನಿಕಸ್ ಅವರ ಮಹಾಗ್ರಂಥ ನ್ಯೂರೆಂಬರ್ಗ್‌ನಲ್ಲಿ ಅಚ್ಚಾಗುವಾಗ, ಅಚ್ಚಿನ ಮೇಲ್ವಿಚಾರಣೆ ವಹಿಸಿಕೊಂಡಿದ್ದ ಲೂಥರನ್ ಧರ್ಮಶಾಸ್ತ್ರಜ್ಞ ಓಸಿಯಾಂಡರ್ ಅವರು ತಮ್ಮ ಹೆಸರು ಹಾಕದೆ ಒಂದು ಮುನ್ನುಡಿ ಸೇರಿಸಿದರು. ಈ ಊಹೆಗಳು ನಿಜವಾಗಿರಬೇಕಿಲ್ಲ, ನಿಜದ ಹಾಗೆ ತೋರಬೇಕೆಂದೂ ಇಲ್ಲ, ವೀಕ್ಷಣೆಗೆ ಹೊಂದುವ ಲೆಕ್ಕ ಕೊಟ್ಟರೆ ಸಾಕು ಎಂಬುದು ಅದರ ತಾತ್ಪರ್ಯ. ಕೋಪರ್ನಿಕಸ್ ಅವರ ಆಪ್ತರಾಗಿದ್ದ ಬಿಷಪ್ ಗೀಸೆ ಇದನ್ನು ಕಂಡು ಸಿಟ್ಟಾಗಿ, ನ್ಯೂರೆಂಬರ್ಗ್ ನಗರಸಭೆಯ ಮೂಲಕ ಸರಿಪಡಿಸಲು ಪ್ರಯತ್ನಿಸಿದರು, ಫಲ ಸಿಗಲಿಲ್ಲ. ಮುನ್ನುಡಿ ಬರೆದವರು ಯಾರು ಎಂಬುದನ್ನು 1609ರಲ್ಲಿ ಕೆಪ್ಲರ್ ಅಚ್ಚಿನಲ್ಲಿ ಬಹಿರಂಗಪಡಿಸಿದರು. 1615ರಲ್ಲಿ ಕಾರ್ಡಿನಲ್ ಬೆಲ್ಲಾರ್ಮಿನ್ ಅವರು ಕೋಪರ್ನಿಕಸ್ ವಾದವನ್ನು ಬೆಂಬಲಿಸಿದ್ದ ಪಾದ್ರಿ ಫೊಸ್ಕಾರಿನಿಗೆ ಬರೆದ ಪತ್ರದಲ್ಲೂ ಇದೇ ನಿಲುವು: ಊಹೆಯ ರೂಪದಲ್ಲಿ ಮಾತಾಡಿ, ಅಪಾಯವಿಲ್ಲ. 1908ರಲ್ಲಿ ಫ್ರೆಂಚ್ ಭೌತವಿಜ್ಞಾನಿ ಪಿಯರ್ ದುಹೆಮ್, ತರ್ಕದ ದೃಷ್ಟಿಯಿಂದ ಸರಿಯಿದ್ದದ್ದು ಓಸಿಯಾಂಡರ್ ಮತ್ತು ಬೆಲ್ಲಾರ್ಮಿನ್, ಕೆಪ್ಲರ್ ಮತ್ತು ಗೆಲಿಲಿಯೊ ಅಲ್ಲ ಎಂದು ಬರೆದರು. ದುಹೆಮ್ ಅವರನ್ನು ಧಾರ್ಮಿಕ ಪಕ್ಷಪಾತಿ ಎಂದು ತಳ್ಳಿಹಾಕುವುದು ಅನ್ಯಾಯ. ಭೌತಸಿದ್ಧಾಂತದ ಒಂದು ಊಹೆಯನ್ನು ಮಾತ್ರ ಬಿಡಿಸಿ ಪರೀಕ್ಷಿಸಲು ಆಗದು, ಇಡೀ ಗುಂಪೇ ಪರೀಕ್ಷೆಗೆ ಒಳಗಾಗುತ್ತದೆ ಎಂಬ ಅವರ ವಾದ ಇಂದಿಗೂ ಗಟ್ಟಿಯಾಗಿ ನಿಂತಿದೆ.

ಅದೇ ದಶಕದಲ್ಲಿ ಸಾಧನವಾದಕ್ಕೆ ಬಿದ್ದ ದೊಡ್ಡ ಪೆಟ್ಟು ಪರಮಾಣುವಿನದು. ಭೌತವಿಜ್ಞಾನಿ ಮ್ಯಾಕ್, ರಸಾಯನವಿಜ್ಞಾನಿ ಓಸ್ಟ್‌ವಾಲ್ಡ್, ದುಹೆಮ್ ಮೂವರೂ ಪರಮಾಣುವನ್ನು ವಸ್ತುವಾಗಿ ಒಪ್ಪಿರಲಿಲ್ಲ. ಪ್ಯಾರಿಸ್‌ನ ಜಾನ್ ಪೆರ‍್ಯಾಂ ಅವರು ಗ್ಯಾಂಬೋಜ್ ಎಂಬ ಹಳದಿ ರಾಳವನ್ನು ನೀರಿನಲ್ಲಿ ಕದಡಿ, ಒಂದೇ ಗಾತ್ರದ ಕಣಗಳನ್ನು ಬೇರ್ಪಡಿಸಿ, ಸೂಕ್ಷ್ಮದರ್ಶಕದ ಕೆಳಗೆ ಬೇರೆ ಬೇರೆ ಎತ್ತರಗಳಲ್ಲಿ ಎಷ್ಟೆಷ್ಟು ಕಣಗಳಿವೆ ಎಂದು ಎಣಿಸಿದರು. (ಈ ರಾಳ ಕೊಡುವ ಮರ ನಮ್ಮ ಪಶ್ಚಿಮಘಟ್ಟದ ಪುನರ್ಪುಳಿ, ಉಪ್ಪಾಗೆಗಳ ಕುಲಕ್ಕೇ ಸೇರಿದ್ದು.) ಮೇಲೆ ಹೋದಂತೆ ವಾತಾವರಣ ವಿರಳವಾಗುವ ನಿಯಮದಲ್ಲೇ ಕಣಗಳೂ ವಿರಳವಾದವು. ಆ ಎಣಿಕೆಯಿಂದ ಅವೊಗಾಡ್ರೊ ಸಂಖ್ಯೆ (ಒಂದು ಮೋಲ್ ವಸ್ತುವಿನಲ್ಲಿರುವ ಕಣಗಳ ಸಂಖ್ಯೆ) ಬಂತು. ಕಣಗಳ ಚಡಪಡಿಕೆಯನ್ನು 1905ರ ಐನ್‌ಸ್ಟೈನ್ ಸೂತ್ರದಿಂದ ಅಳೆದಾಗ ಹೆಚ್ಚುಕಡಿಮೆ ಅದೇ ಸಂಖ್ಯೆ. ಕಣಗಳ ತಿರುಗುವಿಕೆಯಿಂದ, ಕಪ್ಪುಕಾಯದ ವಿಕಿರಣದಿಂದ, ಆಕಾಶದ ನೀಲಿಯಿಂದ, ವಿಕಿರಣಶೀಲತೆಯಿಂದ ಲೆಕ್ಕ ಹಾಕಿದರೂ ಅದೇ ಆಸುಪಾಸು. ಓಸ್ಟ್‌ವಾಲ್ಡ್ 1909ರಲ್ಲಿ ತಮ್ಮ ಪಠ್ಯಪುಸ್ತಕದ ಮುನ್ನುಡಿಯಲ್ಲಿ ಪರಮಾಣುವನ್ನು ಒಪ್ಪಿಕೊಂಡರು. ಪರಸ್ಪರ ಸಂಬಂಧವಿಲ್ಲದ ಇಷ್ಟು ದಾರಿಗಳು ಒಂದೇ ಊರಿಗೆ ತಲುಪಿದರೆ ಆ ಊರು ಇದೆ ಎಂದು ನಂಬುವುದು ವಿವೇಕ. ಮೇಷ್ಟ್ರು ತಾಪಮಾನದ ಬಗ್ಗೆ ಹೇಳಹೊರಟಿರುವುದೂ ಇದನ್ನೇ ಎಂದು ತೋರುತ್ತದೆ.

ಹಾಸನದ ವೈದ್ಯೆ

ನಾನು ಭೌತಶಾಸ್ತ್ರದವಳಲ್ಲ. ಆದರೆ ಬ್ರಿಡ್ಜ್‌ಮನ್ ಪ್ರಶ್ನೆ ನಮ್ಮ ಒಪಿಡಿಯಲ್ಲಿ ಪ್ರತಿದಿನ ಎದುರಾಗುತ್ತದೆ. ರಕ್ತದೊತ್ತಡವನ್ನೇ ತೆಗೆದುಕೊಳ್ಳಿ. ತೋಳಿಗೆ ಪಟ್ಟಿ ಕಟ್ಟಿ ಗಾಳಿ ತುಂಬುವ ವಿಧಾನವನ್ನು 1896ರಲ್ಲಿ ರೀವಾ-ರೋಚಿ ಕೊಟ್ಟರು. ಪಟ್ಟಿಯ ಕೆಳಗೆ ಸ್ಟೆತಸ್ಕೋಪ್ ಇಟ್ಟು ಸದ್ದು ಕೇಳುವ ವಿಧಾನವನ್ನು 1905ರಲ್ಲಿ ಕೊರೊಟ್ಕಾಫ್ ಕೊಟ್ಟರು. ಗಾಳಿ ಇಳಿಸುತ್ತಾ ಹೋದಂತೆ ಮೊದಲ ಬಡಿತ ಕೇಳಿಸಿದ್ದು ಮೇಲಿನ ಸಂಖ್ಯೆ, ಸದ್ದು ನಿಂತದ್ದು ಕೆಳಗಿನ ಸಂಖ್ಯೆ. ಆದರೆ ಕೆಳಗಿನ ಸಂಖ್ಯೆಗೆ ಸದ್ದು ಮಂಕಾಗುವ ಗಳಿಗೆಯನ್ನು ಹಿಡಿಯಬೇಕೋ, ಪೂರ್ತಿ ನಿಲ್ಲುವ ಗಳಿಗೆಯನ್ನೋ ಎಂಬ ಬಗ್ಗೆ ದಶಕಗಳ ಕಾಲ ಭಿನ್ನಮತವಿತ್ತು. ಗರ್ಭಿಣಿಯರ ವಿಷಯದಲ್ಲಂತೂ ಅದು ಬಹಳ ಕಾಲ ಉಳಿಯಿತು. ಪಟ್ಟಿ ತೋಳಿಗೆ ಚಿಕ್ಕದಾದರೆ ಸಂಖ್ಯೆ ಹೆಚ್ಚು ಬರುತ್ತದೆ. ಈಗ ಮನೆಮನೆಗೂ ಬಂದಿರುವ ಬಟನ್ ಒತ್ತುವ ಯಂತ್ರ ಸದ್ದನ್ನು ಕೇಳುವುದೇ ಇಲ್ಲ. ಅದು ಪಟ್ಟಿಯೊಳಗಿನ ಒತ್ತಡದ ಕಂಪನವನ್ನು ಹಿಡಿಯುತ್ತದೆ. ಕಂಪನ ಅತಿ ಹೆಚ್ಚಾದ ಬಿಂದು ಸರಾಸರಿ ಒತ್ತಡವನ್ನು ಸೂಚಿಸುತ್ತದೆ. ಮೇಲಿನ ಮತ್ತು ಕೆಳಗಿನ ಸಂಖ್ಯೆಗಳನ್ನು ತಯಾರಕರು ಅಳವಡಿಸಿದ ಲೆಕ್ಕದ ಕ್ರಮದಿಂದ ಅಂದಾಜಿಸುತ್ತದೆ. ಐಸಿಯುನಲ್ಲಿ ಧಮನಿಯೊಳಗೆ ನಳಿಕೆ ಇಟ್ಟು ಅಳೆಯುವುದು ಮತ್ತೊಂದು ಕ್ರಿಯೆ.

ಎಲ್ಲದಕ್ಕೂ “ಬಿಪಿ” ಎಂಬ ಒಂದೇ ಹೆಸರು. ಇದರ ಪರಿಣಾಮ ಕೇವಲ ತಾತ್ತ್ವಿಕವಲ್ಲ. 2015ರಲ್ಲಿ ಅಮೆರಿಕದ ಸ್ಪ್ರಿಂಟ್ ಅಧ್ಯಯನ, ಅಪಾಯ ಹೆಚ್ಚಿರುವ ರೋಗಿಗಳಲ್ಲಿ ಮೇಲಿನ ಒತ್ತಡವನ್ನು 140ರ ಬದಲು 120ಕ್ಕಿಂತ ಕೆಳಗಿಳಿಸಿದರೆ ಹೃದಯಾಘಾತವೇ ಮೊದಲಾದ ಅನಾಹುತಗಳೂ ಸಾವುಗಳೂ ಕಡಿಮೆಯಾಗುತ್ತವೆ ಎಂದು ತೋರಿಸಿತು. ಅಲ್ಲಿ ಒತ್ತಡವನ್ನು ಅಳೆದದ್ದು ರೋಗಿಯನ್ನು ಕೆಲ ಹೊತ್ತು ಸುಮ್ಮನೆ ಕೂರಿಸಿ, ಯಂತ್ರದಿಂದ, ಅನೇಕ ಕಡೆ ಹತ್ತಿರ ಯಾರೂ ಇಲ್ಲದೆ, ಹಲವು ಸಲ ಓದಿ ಸರಾಸರಿ ತೆಗೆದು. ಗದ್ದಲದ ಒಪಿಡಿಯಲ್ಲಿ, ಬಸ್ಸಿಳಿದು ಮೆಟ್ಟಿಲು ಹತ್ತಿ ಬಂದವರಿಗೆ, ಸಾಲಿನ ಮಧ್ಯೆ ಒಮ್ಮೆ ಅಳೆದ 120 ಆ 120 ಅಲ್ಲ. ಈ ವ್ಯತ್ಯಾಸವನ್ನು ಗಮನಿಸದೆ ಆ ಗುರಿಯನ್ನು ಇಲ್ಲಿಗೆ ತಂದರೆ ವಯಸ್ಸಾದವರಿಗೆ ಅಗತ್ಯಕ್ಕಿಂತ ಹೆಚ್ಚು ಮಾತ್ರೆ ಕೊಟ್ಟು ತಲೆಸುತ್ತು ಬರಿಸುತ್ತೇವೆ. ಆದ್ದರಿಂದ ನನ್ನ ಮಟ್ಟಿಗೆ ಬ್ರಿಡ್ಜ್‌ಮನ್ ಹೇಳಿದ್ದು ಅಕ್ಷರಶಃ ಸರಿ. ಕ್ರಿಯೆ ಬೇರೆಯಾದರೆ ಸಂಖ್ಯೆಗೆ ಬೇರೆ ಹೆಸರು ಕೊಡಿ.

ಧಾರವಾಡದ ಮೇಷ್ಟ್ರು

ಡಾಕ್ಟರೇ, ಈ ಉದಾಹರಣೆಗಾಗಿ ನಿಮಗೆ ಧನ್ಯವಾದ. ಬೇರೆ ಹೆಸರು ಕೊಡಬೇಕೆಂಬ ಬೇಡಿಕೆಯನ್ನು ಪೂರ್ತಿ ಒಪ್ಪುತ್ತೇನೆ. ಆದರೂ ಒಂದು ಮಾತು. ಚಿಕ್ಕ ಪಟ್ಟಿಯಿಂದ ಸಂಖ್ಯೆ ಹೆಚ್ಚು ಬರುತ್ತದೆ ಎಂದು ನೀವೇ ಬರೆದಿದ್ದೀರಿ. ಯಾವುದಕ್ಕಿಂತ ಹೆಚ್ಚು? ಧಮನಿಯೊಳಗೆ ರಕ್ತ ಗೋಡೆಯನ್ನು ಒತ್ತುವ ಬಲ ಎಂಬ ಒಂದು ಸಂಗತಿ ಇದೆ, ಪಟ್ಟಿ ಅದನ್ನು ಹಿಡಿಯಲು ಹೆಣಗುತ್ತಿದೆ ಎಂಬ ನಂಬಿಕೆಯಿಲ್ಲದೆ “ಹೆಚ್ಚು” ಎಂಬ ಪದವನ್ನು ಬಳಸಲಾಗದು.

ಹಾಗಾದರೆ ಅಳತೆಯ ಆಚೆಗಿನ ಆ ಸಂಗತಿಯನ್ನು ಅಳತೆಯಿಲ್ಲದೆ ತಲುಪುವುದು ಹೇಗೆ ಎಂದು ಆಪರೇಷನಲಿಸ್ಟರು ಕೇಳುತ್ತಾರೆ; ಕೇಳಲೇಬೇಕು. ಇದಕ್ಕೆ ಸಿಕ್ಕ ಉತ್ತರಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಫ್ರಾನ್ಸಿನ ವಿಕ್ಟರ್ ರೆನ್ಯೊ ಅವರು 1840ರ ದಶಕದಲ್ಲಿ ಮಾಡಿದ ಕೆಲಸ. ಸಮಸ್ಯೆಯನ್ನು ಮೊದಲು ನೋಡಿ. ಪಾದರಸ, ಮದ್ಯಸಾರ, ನೀರು ಈ ಮೂರರಲ್ಲೂ ಥರ್ಮಾಮೀಟರ್ ಮಾಡಿ, ಮಂಜುಗಡ್ಡೆಯಲ್ಲಿ 0, ಕುದಿನೀರಿನಲ್ಲಿ 100 ಎಂದು ಗುರುತು ಹಾಕಿ, ನಡುವೆ ಸಮಭಾಗ ಮಾಡಿದೆವು ಎಂದುಕೊಳ್ಳಿ. ಪಾದರಸ 50 ತೋರಿಸುವ ಜಾಗದಲ್ಲಿ ಮದ್ಯಸಾರ ಸುಮಾರು 44 ತೋರಿಸುತ್ತದೆ, ನೀರು ಸುಮಾರು 26. ಯಾವುದು ಸರಿ? ತಾಪಮಾನಕ್ಕೆ ಸಮನಾಗಿ ಹಿಗ್ಗುವ ದ್ರವ ಯಾವುದೋ ಅದು ಸರಿ ಎನ್ನಬಹುದು. ಆದರೆ ಸಮನಾಗಿ ಹಿಗ್ಗುತ್ತದೆಯೇ ಎಂದು ನೋಡಲು ತಾಪಮಾನ ಮೊದಲೇ ಗೊತ್ತಿರಬೇಕು. ಅದಕ್ಕೆ ಸರಿಯಾದ ಥರ್ಮಾಮೀಟರ್ ಬೇಕು. ಈ ಸುಳಿಯಿಂದ ಹೊರಬರಲು ಹಲವರು ಶಾಖದ ಸ್ವರೂಪದ ಬಗ್ಗೆ ಸಿದ್ಧಾಂತಗಳನ್ನು ಆಶ್ರಯಿಸಿದ್ದರು. ರೆನ್ಯೊ ಯಾವ ಸಿದ್ಧಾಂತವನ್ನೂ ಆಶ್ರಯಿಸಲಿಲ್ಲ.

ಅವರ ಒರೆಗಲ್ಲು ಒಂದೇ. ತಾಪಮಾನ ಎಂಬುದು ಒಂದು ನಿಶ್ಚಿತ ಸಂಗತಿಯಾದರೆ, ಒಂದು ಸಂದರ್ಭದಲ್ಲಿ ಅದಕ್ಕೆ ಒಂದೇ ಬೆಲೆ ಇರಬೇಕು. ಹಾಗಾಗಿ ಒಂದೇ ಬಗೆಯ ಥರ್ಮಾಮೀಟರ್‌ಗಳು ಪರಸ್ಪರ ಒಪ್ಪಬೇಕು. ಪಾದರಸದ ಥರ್ಮಾಮೀಟರ್‌ಗಳನ್ನು ಬೇರೆ ಬೇರೆ ಬಗೆಯ ಗಾಜಿನಿಂದ ಮಾಡಿ ನೋಡಿದರು. 0 ಮತ್ತು 100ರಲ್ಲಿ ಸರಿಯಾಗಿ ಹೊಂದುತ್ತಿದ್ದ ಅವು, 300 ಡಿಗ್ರಿ ದಾಟಿದ ಮೇಲೆ ತಮ್ಮತಮ್ಮಲ್ಲೇ ಹಲವು ಡಿಗ್ರಿಗಳಷ್ಟು ಜಗಳವಾಡಿದವು, ಏಕೆಂದರೆ ಗಾಜೂ ತನ್ನದೇ ರೀತಿಯಲ್ಲಿ ಹಿಗ್ಗುತ್ತದೆ. ಗಾಳಿಯ ಥರ್ಮಾಮೀಟರ್‌ಗಳಲ್ಲಿ ಗಾಳಿಯ ಸಾಂದ್ರತೆಯನ್ನು ಬದಲಾಯಿಸಿದರೂ, ಗಾಜನ್ನು ಬದಲಾಯಿಸಿದರೂ ಒಪ್ಪಂದ ಕೆಡಲಿಲ್ಲ. ಪಾದರಸ ಬಿದ್ದುಹೋಯಿತು, ಗಾಳಿ ಉಳಿಯಿತು. ಇದರಿಂದ ಗಾಳಿಯೇ ನಿಜವಾದ ತಾಪಮಾನ ಎಂದು ಸಾಬೀತಾಗಲಿಲ್ಲ, ಅದನ್ನು ರೆನ್ಯೊ ಅವರೂ ಹೇಳಲಿಲ್ಲ. ಆದರೆ ಒಂದು ಸಂದರ್ಭಕ್ಕೆ ಒಂದೇ ಬೆಲೆ ಎಂಬ ನಿಯಮ ಯಾವ ಕ್ರಿಯೆಯಿಂದಲೂ ಹುಟ್ಟಿದ್ದಲ್ಲ. ನಾವು ಅಳೆಯುತ್ತಿರುವುದು ಒಂದು ಸಂಗತಿಯನ್ನು ಎಂಬ ನಿಲುವಿನಿಂದ ಬಂದದ್ದು. ಕ್ರಿಯೆಗಳನ್ನು ಕ್ರಿಯೆಗಳಿಂದಲೇ ಪರೀಕ್ಷಿಸಿದರು, ಆದರೆ ಪರೀಕ್ಷೆಯ ನಿಯಮವನ್ನು ಪರಿಕಲ್ಪನೆ ಕೊಟ್ಟಿತು.

ಸಿದ್ಧಾಂತಗ್ರಂಥಗಳ ಓದುಗ

ಸಾಧನವಾದದ ಮಾತು ಬಂದಾಗ ನಮ್ಮ ಖಗೋಳ ಪರಂಪರೆಯನ್ನು ನೆನೆಯಬೇಕು. ಬೆಂಗಳೂರಿನ ವೈಮಾನಿಕ ವಿಜ್ಞಾನಿ, ದಿವಂಗತ ರೊದ್ದಂ ನರಸಿಂಹ ಅವರು, ಭಾರತೀಯ ಗಣಿತಜ್ಞರ ದೃಷ್ಟಿಯನ್ನು ಗಣನೆಯ ಆಧಾರದ ಪಾಸಿಟಿವಿಸಂ ಎಂದು ವರ್ಣಿಸಿದ್ದರು. ಸ್ವಯಂಸಿದ್ಧ ತತ್ತ್ವಗಳಿಂದ ಹೊರಟು ಲೋಕದ ಮಾದರಿಯನ್ನು ಕಟ್ಟುವುದಕ್ಕಿಂತ, ವೀಕ್ಷಣೆಗೆ ಹೊಂದುವ ಗಣನಕ್ರಮವನ್ನು ರೂಪಿಸಿ, ತಾಳೆ ತಪ್ಪಿದಾಗ ತಿದ್ದಿಕೊಳ್ಳುವುದರಲ್ಲಿ ಇಲ್ಲಿಯವರಿಗೆ ಹೆಚ್ಚಿನ ಭರವಸೆಯಿತ್ತು ಎಂಬುದು ಅವರ ಅಭಿಪ್ರಾಯದ ತಿರುಳು. ಕೇರಳದ ಪರಮೇಶ್ವರರು ತಾವು ನೋಡಿದ ಗ್ರಹಣಗಳ ಆಧಾರದಲ್ಲಿ ಹಳೆಯ ಗಣಿತವನ್ನು ತಿದ್ದಿ 1431ರಲ್ಲಿ ದೃಗ್ಗಣಿತವನ್ನು ರಚಿಸಿದ್ದು ಇದಕ್ಕೆ ಒಳ್ಳೆಯ ನಿದರ್ಶನ. ಕರ್ನಾಟಕದಲ್ಲಿ ಇಂದಿಗೂ ದೃಗ್ಗಣಿತದ ಪಂಚಾಂಗವನ್ನೂ ಸೂರ್ಯಸಿದ್ಧಾಂತದ ಪಂಚಾಂಗವನ್ನೂ ಅಕ್ಕಪಕ್ಕ ಇಟ್ಟರೆ ತಿಥಿ ಮುಗಿಯುವ ಹೊತ್ತಿನಲ್ಲಿ ಗಂಟೆಗಟ್ಟಲೆ ವ್ಯತ್ಯಾಸ ಕಾಣುತ್ತದೆ; ಕೆಲವು ತಿಂಗಳು ಏಕಾದಶಿ ಎರಡು ಮನೆಗಳಲ್ಲಿ ಎರಡು ದಿನ ಬರುವುದು ಇದರಿಂದಲೇ.

ಆದರೆ ಪರಂಪರೆಯನ್ನು ಪೂರ್ತಿಯಾಗಿ ಸಾಧನವಾದಿ ಎಂದು ಬಣ್ಣಿಸುವುದಕ್ಕೆ ನನ್ನ ಆಕ್ಷೇಪವಿದೆ. ಸೂರ್ಯಸಿದ್ಧಾಂತದ ಎರಡನೆಯ ಅಧ್ಯಾಯವೇ ಗ್ರಹಗಳ ಗತಿಗೆ ಕಾರಣವೇನು ಎಂದು ಹೇಳಿ ಆರಂಭವಾಗುತ್ತದೆ. ಶೀಘ್ರೋಚ್ಚ, ಮಂದೋಚ್ಚ, ಪಾತ ಎಂಬ ಕಾಲದ ಅದೃಶ್ಯ ಮೂರ್ತಿಗಳು ಗ್ರಹಗಳನ್ನು ಗಾಳಿಯ ಹಗ್ಗಗಳಿಂದ ಎಳೆಯುತ್ತವೆ ಎನ್ನುತ್ತದೆ. ಆ ಕಾರಣ ಇಂದು ನಮಗೆ ಒಪ್ಪಿಗೆಯಾಗದಿರಬಹುದು. ಆದರೆ ಲೆಕ್ಕ ಸರಿಬಂದರೆ ಸಾಕು ಎನ್ನುವವರು “ಗತಿಹೇತು” ಎಂದು ಬರೆಯುವ ಅಗತ್ಯವೇ ಇರಲಿಲ್ಲ. ಗಣನೆಯ ಶಿಸ್ತು ಬೇರೆ, ಕಾರಣದ ಹಂಬಲ ಬೇರೆ. ಎರಡೂ ಒಂದೇ ಗ್ರಂಥದಲ್ಲಿ ಇರಬಲ್ಲವು.

ಎಂಎಸ್ಸಿ ವಿದ್ಯಾರ್ಥಿ

ಸರ್, ನಮಗೆ ಕ್ವಾಂಟಂ ಮೆಕ್ಯಾನಿಕ್ಸ್ ಪಾಠದಲ್ಲಿ ತರಂಗಫಲನ ಏನೆಂದು ಕೇಳಬೇಡಿ, ಲೆಕ್ಕ ಮಾಡಿ ಎಂದೇ ಕಲಿಸುತ್ತಾರೆ. ಅಲ್ಲಿ ಸಾಧನವಾದವೇ ಗೆದ್ದಿದೆ ಎಂದು ತಿಳಿಯಬೇಕೇ?

ತತ್ತ್ವಶಾಸ್ತ್ರದ ಓದುಗರು

ಪಾಠದ ಕೋಣೆಯಲ್ಲಿ ಗೆದ್ದಿದೆ, ವಾದದಲ್ಲಿ ಗೆದ್ದಿದೆ ಎನ್ನಲಾರೆ. 1925ರಲ್ಲಿ ಹೈಸನ್‌ಬರ್ಗ್ ಅವರು ಎಲೆಕ್ಟ್ರಾನಿನ ಕಕ್ಷೆಯಂಥ ಕಾಣದ ಪರಿಮಾಣಗಳನ್ನು ಬಿಟ್ಟು, ಗೋಚರಿಸುವ ಪರಿಮಾಣಗಳ ನಡುವಿನ ಸಂಬಂಧಗಳ ಮೇಲೆ ಮಾತ್ರ ಹೊಸ ಯಂತ್ರಶಾಸ್ತ್ರವನ್ನು ಕಟ್ಟುವ ಸಂಕಲ್ಪ ಮಾಡಿದರು. ಮರುವರ್ಷ ಬರ್ಲಿನ್ನಿನಲ್ಲಿ ಐನ್‌ಸ್ಟೈನ್ ಅವರೊಂದಿಗೆ ನಡೆದ ಮಾತುಕತೆಯನ್ನು ಹೈಸನ್‌ಬರ್ಗ್ ಮುಂದೆ ನೆನಪಿಸಿಕೊಂಡಿದ್ದಾರೆ. ಏನನ್ನು ಗಮನಿಸಬಹುದು ಎಂಬುದನ್ನು ನಿರ್ಧರಿಸುವುದೇ ಸಿದ್ಧಾಂತ ಎಂದು ಐನ್‌ಸ್ಟೈನ್ ಆಕ್ಷೇಪಿಸಿದರಂತೆ. ಇದರಲ್ಲಿ ವಿಶೇಷವೇನೆಂದರೆ, ಆಪರೇಷನಲಿಸಂಗೆ ಬ್ರಿಡ್ಜ್‌ಮನ್ ಅವರಿಗೆ ಸ್ಫೂರ್ತಿ ಕೊಟ್ಟದ್ದು 1905ರಲ್ಲಿ ಇದೇ ಐನ್‌ಸ್ಟೈನ್ ಏಕಕಾಲಿಕತೆಯನ್ನು ಗಡಿಯಾರ ಮತ್ತು ಬೆಳಕಿನ ಸಂಕೇತಗಳ ಮೂಲಕ ವಿಶ್ಲೇಷಿಸಿದ ರೀತಿ. ತಾನು ಬಳಸಿದ ಉಪಾಯವನ್ನು ತತ್ತ್ವವಾಗಿ ಎತ್ತಿ ಹಿಡಿದಾಗ ಐನ್‌ಸ್ಟೈನ್ ಅವರೇ ಹಿಂದೆ ಸರಿದರು.

ಇಂದು ಹಳೆಯ ಸಾಧನವಾದಕ್ಕಿಂತ ಸೂಕ್ಷ್ಮವಾದ ನಿಲುವು ತತ್ತ್ವಜ್ಞಾನಿ ಬಾಸ್ ವ್ಯಾನ್ ಫ್ರಾಸೆನ್ ಅವರದು. 1980ರಲ್ಲಿ ಅವರು ಹೇಳಿದ್ದು ಹೀಗೆ: ಸಿದ್ಧಾಂತದ ಮಾತನ್ನು ಅಕ್ಷರಶಃ ಓದಿ, ಎಲೆಕ್ಟ್ರಾನ್ ಎಂದರೆ ಎಲೆಕ್ಟ್ರಾನೇ, ಆದರೆ ಸಿದ್ಧಾಂತವನ್ನು ಸ್ವೀಕರಿಸುವುದೆಂದರೆ ಅದು ಗೋಚರ ಲೋಕಕ್ಕೆ ಸರಿಹೊಂದುತ್ತದೆ ಎಂದು ನಂಬುವುದು ಮಾತ್ರ, ಉಳಿದುದರ ಬಗ್ಗೆ ತಟಸ್ಥವಾಗಿರಬಹುದು. ನಾನು ಒಪ್ಪುವುದಿಲ್ಲ, ಪೆರ‍್ಯಾಂ ನನ್ನನ್ನು ತಡೆಯುತ್ತಾರೆ. ಆದರೆ ಇದು ಲೆಕ್ಕ ಮಾಡಿ ಸುಮ್ಮನಿರಿ ಎಂಬುದಕ್ಕಿಂತ ಬಹಳ ಪ್ರಾಮಾಣಿಕವಾದ ನಿಲುವು, ಏಕೆಂದರೆ ಪ್ರಶ್ನೆ ಕೇಳುವುದನ್ನು ಅದು ನಿಷೇಧಿಸುವುದಿಲ್ಲ. ನೀವೂ ಕೇಳುತ್ತಲೇ ಇರಿ.

ಅರ್ಥಶಾಸ್ತ್ರದ ಸಂಶೋಧಕಿ

ಮೇಷ್ಟ್ರ ವಾದ ತಾಪಮಾನಕ್ಕೆ ಒಪ್ಪುತ್ತದೆ, ಪರಮಾಣುವಿಗೂ ಒಪ್ಪುತ್ತದೆ. ನಮ್ಮ ಕ್ಷೇತ್ರಕ್ಕೆ ಬಂದರೆ ಕಷ್ಟ. 2011–12ರ ಬಳಕೆ ವೆಚ್ಚದ ಅಂಕಿಗಳನ್ನು ಹಿಡಿದು, ತೆಂಡೂಲ್ಕರ್ ಸಮಿತಿಯ ವಿಧಾನದಲ್ಲಿ ತಲೆಗೆ ತಿಂಗಳಿಗೆ ಗ್ರಾಮಗಳಲ್ಲಿ 816 ರೂಪಾಯಿ, ನಗರಗಳಲ್ಲಿ 1,000 ರೂಪಾಯಿಯ ರೇಖೆ ಎಳೆದರೆ ಭಾರತದಲ್ಲಿ ಬಡವರು ಶೇಕಡಾ 21.9. ರಂಗರಾಜನ್ ಸಮಿತಿ 2014ರಲ್ಲಿ ಎಳೆದ ರೇಖೆ 972 ಮತ್ತು 1,407 ರೂಪಾಯಿ. ಅದರಂತೆ ಅದೇ ವರ್ಷ, ಅದೇ ದೇಶದಲ್ಲಿ ಬಡವರು ಶೇಕಡಾ 29.5. ಅದಕ್ಕೂ ಮೊದಲಿನ ರೇಖೆಯ ಬೇರು 1979ರ ಕಾರ್ಯಪಡೆ ಹಿಡಿದ ಕ್ಯಾಲರಿಯಲ್ಲಿತ್ತು: ಹಳ್ಳಿಯಲ್ಲಿ ದಿನಕ್ಕೆ 2,400, ಪಟ್ಟಣದಲ್ಲಿ 2,100. ಇಲ್ಲಿ ರೆನ್ಯೊ ಅವರ ಒರೆಗಲ್ಲನ್ನು ಹೇಗೆ ಹಚ್ಚುವುದು? ಎರಡು ವಿಧಾನಗಳೂ ತಮ್ಮೊಳಗೆ ತಾಳೆಯಾಗಿಯೇ ಇವೆ. ಅವು ಕೂಡುವ ಬಿಂದುವೇ ಇಲ್ಲ. ಬಡತನ ಎಂಬುದು ಈ ಕ್ರಿಯೆಗಳ ಆಚೆಗೆ ತನ್ನದೇ ನಿಶ್ಚಿತ ಬೆಲೆ ಇಟ್ಟುಕೊಂಡು ಕಾಯುತ್ತಿದೆ ಎಂದು ನನಗೆ ಅನ್ನಿಸುವುದಿಲ್ಲ. ಮನಶ್ಶಾಸ್ತ್ರಜ್ಞ ಬೋರಿಂಗ್ 1923ರಲ್ಲಿ, ಬುದ್ಧಿಮತ್ತೆ ಎಂದರೆ ಬುದ್ಧಿಪರೀಕ್ಷೆಗಳು ಅಳೆಯುವಂಥದ್ದು ಎಂದು ಬರೆದಾಗ ಇದೇ ಕಷ್ಟದಲ್ಲಿದ್ದರು ಎಂದು ಕಾಣುತ್ತದೆ.

ಕ್ಯಾಲಿಬ್ರೇಶನ್ ಲ್ಯಾಬ್‌ನವರು

ಈ ಪ್ರಶ್ನೆಗೆ ಬ್ರಿಡ್ಜ್‌ಮನ್ ಅವರೇ ಪೂರ್ತಿ ಉತ್ತರ ಕೊಡಲಿಲ್ಲ. ಸಮಾಜವಿಜ್ಞಾನಗಳಲ್ಲೂ ಮನಶ್ಶಾಸ್ತ್ರದಲ್ಲೂ ತಮ್ಮ ಮಾತು ಒಂದು ಪಂಥವಾಗಿ ಬೆಳೆದದ್ದು ಅವರಿಗೆ ಹಿಡಿಸಿರಲಿಲ್ಲ. 1953ರ ಒಂದು ವಿಚಾರಸಂಕಿರಣದಲ್ಲಿ ಅವರು, ತಾವು ಸೃಷ್ಟಿಸಿದ ಫ್ರಾಂಕನ್‌ಸ್ಟೈನ್ ತಮ್ಮ ಕೈಮೀರಿ ಹೋಗಿದೆ ಎಂಬರ್ಥದ ಮಾತಾಡಿದ್ದರು. ತಮ್ಮದು ಸಿದ್ಧಾಂತವಲ್ಲ, ಒಂದು ದೃಷ್ಟಿ, ಒಂದು ಅಭ್ಯಾಸ ಎಂಬುದು ಅವರ ನಿಲುವಾಗಿತ್ತು. ಮೇಷ್ಟ್ರು ಮೊದಲ ಬರಹದಲ್ಲಿ ಶಿಸ್ತು ಎಂದು ಕರೆದದ್ದಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ.

ಆದರೂ ನನ್ನ ಪಟ್ಟು ಬಿಡುವುದಿಲ್ಲ. ರೆನ್ಯೊ, ಪೆರ‍್ಯಾಂ ಇಬ್ಬರೂ ಕೊನೆಗೆ ತೋರಿಸಿದ್ದು ಕ್ರಿಯೆಗಳ ನಡುವಿನ ಒಪ್ಪಂದವನ್ನು. ಅದರ ಮೇಲೆ “ಒಂದು ಸಂಗತಿ ಇದೆ” ಎಂಬ ಮಾತನ್ನು ಇಟ್ಟರೆ ನಮ್ಮ ಪ್ರಮಾಣಪತ್ರದಲ್ಲಿ ಒಂದು ಅಂಕಿಯೂ ಬದಲಾಗುವುದಿಲ್ಲವಲ್ಲ?

ಧಾರವಾಡದ ಮೇಷ್ಟ್ರು

ಮೊದಲು ಸಂಶೋಧಕಿಯವರಿಗೆ. ಬಡತನದ ವಿಷಯದಲ್ಲಿ ನೀವು ಹೇಳಿದ್ದು ಸರಿ. ಅಲ್ಲಿ ಪರಿಕಲ್ಪನೆಯ ಒಂದು ಭಾಗ ನಮ್ಮ ನಿರ್ಣಯದಿಂದಲೇ ಆಗಿದೆ: ಮಗುವಿನ ಶಾಲೆಯ ಖರ್ಚು, ಆಸ್ಪತ್ರೆಯ ಖರ್ಚು, ಬಾಡಿಗೆ ಇವೆಲ್ಲ ಮನುಷ್ಯನ ಕನಿಷ್ಠ ಬದುಕಿನಲ್ಲಿ ಸೇರಬೇಕೇ ಎಂಬುದನ್ನು ಯಾವ ಉಪಕರಣವೂ ಹೇಳುವುದಿಲ್ಲ. ಅಲ್ಲಿ ಕ್ರಿಯೆಯನ್ನು ಹೆಸರಿಸುವುದು ಅತ್ಯಗತ್ಯ. ಹೆಸರಿಸಿದ ಮೇಲೂ ಆ ರೇಖೆ ಏಕೆ, ಈ ರೇಖೆ ಏಕಲ್ಲ ಎಂಬ ವಾದ ಉಳಿದೇ ಇರುತ್ತದೆ, ಉಳಿಯಬೇಕು. ಬಡತನ ಎಂದರೆ 816 ರೂಪಾಯಿಗಿಂತ ಕಡಿಮೆ ಖರ್ಚು, ಅಷ್ಟೇ ಎಂದು ಅರ್ಥವನ್ನೇ ಮುಚ್ಚಿಬಿಟ್ಟರೆ ಆ ವಾದಕ್ಕೆ ಬಾಗಿಲೂ ಮುಚ್ಚಿದಂತೆ. ರೇಖೆ ತೀರಾ ಕೆಳಗಿದೆ ಎಂದು ಜನ ದೂರಿದ್ದು, ರಂಗರಾಜನ್ ಸಮಿತಿ ಮತ್ತೆ ಲೆಕ್ಕ ಹಾಕಿದ್ದು, ಬಡತನ ಎಂಬ ಪದ ರೇಖೆಗಿಂತ ಹೆಚ್ಚಿನದನ್ನು ಹೇಳುತ್ತದೆ ಎಂಬ ಕಾರಣಕ್ಕೇ.

ಈಗ ಪ್ರಮಾಣಪತ್ರದ ಅಂಕಿ. ಅದು ಬದಲಾಗುತ್ತದೆ ಎಂಬುದಕ್ಕೆ ನಿಮ್ಮ ಕ್ಷೇತ್ರವೇ ಸಾಕ್ಷಿ. 1990ರ ಮಾಪಕದ ತಾಪಮಾನಕ್ಕೆ ನೀವು ಬಳಸುವ ಚಿಹ್ನೆ ಬೇರೆ, ಉಷ್ಣಗತಿಶಾಸ್ತ್ರದ ತಾಪಮಾನದ ಚಿಹ್ನೆ ಬೇರೆ. ಎರಡರ ನಡುವಿನ ವ್ಯತ್ಯಾಸವನ್ನು ಮಿಲಿಕೆಲ್ವಿನ್‌ಗಳಲ್ಲಿ ಅಳೆದು ಪ್ರಕಟಿಸುವ ಪ್ರಯೋಗಾಲಯಗಳಿವೆ. ತನ್ನ ಅಧಿಕೃತ ಕ್ರಿಯಾಸೂತ್ರವೇ ಎಷ್ಟು ತಪ್ಪುತ್ತಿದೆ ಎಂದು ಅಳೆಯುವವರು, ಆ ಸೂತ್ರವೇ ತಾಪಮಾನದ ಅರ್ಥ ಎಂದು ನಂಬಿ ಕೆಲಸ ಮಾಡುತ್ತಿಲ್ಲ.

2019ರ ಮೇ 20ರಂದು ಜಾರಿಗೆ ಬಂದ ಕೆಲ್ವಿನ್ ಎಂಬ ತಾಪಮಾನದ ಮೂಲಮಾನದ ಹೊಸ ವ್ಯಾಖ್ಯೆಯನ್ನೂ ನೋಡಿ. ಅದಕ್ಕೂ ಮೊದಲು ಕೆಲ್ವಿನ್ ನೀರಿನ ತ್ರಿಬಿಂದುವಿಗೆ ಕಟ್ಟುಬಿದ್ದಿತ್ತು. ಈಗ ಬೋಲ್ಟ್ಸ್‌ಮನ್ ನಿಯತಾಂಕದ ಬೆಲೆಯನ್ನು 1.380649 × 10⁻²³ ಜೂಲ್ ಪ್ರತಿ ಕೆಲ್ವಿನ್ ಎಂದು ನಿಗದಿಪಡಿಸಿ, ಕೆಲ್ವಿನ್ ಅನ್ನು ಅದರಿಂದ ಪಡೆಯಲಾಗಿದೆ. ವ್ಯಾಖ್ಯೆಯಲ್ಲಿ ಯಾವ ವಸ್ತುವೂ ಇಲ್ಲ, ಯಾವ ಕ್ರಿಯೆಯೂ ಇಲ್ಲ; ಅಳೆಯುವ ವಿಧಾನಗಳನ್ನು ಬೇರೆಯದೇ ದಾಖಲೆಯಲ್ಲಿ ಕೊಟ್ಟಿದ್ದಾರೆ, ಉತ್ತಮ ವಿಧಾನ ಸಿಕ್ಕಂತೆಲ್ಲ ಅಲ್ಲಿ ಸೇರಿಸಬಹುದು. ಈ ಬದಲಾವಣೆಗೆ ಮುನ್ನ ತಾಪಮಾನದ ಸಲಹಾ ಸಮಿತಿ ಹಾಕಿದ್ದ ಷರತ್ತು ನನಗೆ ಬಹಳ ಮುಖ್ಯವೆನಿಸುತ್ತದೆ: ನಿಯತಾಂಕದ ಬೆಲೆ ದಶಲಕ್ಷದಲ್ಲಿ ಒಂದು ಭಾಗಕ್ಕಿಂತ ಕಡಿಮೆ ಅನಿಶ್ಚಿತತೆಯಲ್ಲಿ ಸಿಗಬೇಕು, ಜೊತೆಗೆ ಮೂಲತಃ ಭಿನ್ನವಾದ ಕನಿಷ್ಠ ಎರಡು ವಿಧಾನಗಳಿಂದ ಅದಕ್ಕೆ ಬೆಂಬಲ ಸಿಗಬೇಕು. ಒಂದು ಕಡೆ ಲೋಹದ ಗೋಳದೊಳಗೆ ತುಂಬಿದ ಅನಿಲದಲ್ಲಿ ಶಬ್ದದ ವೇಗವನ್ನು ಅಳೆದರು, ಇನ್ನೊಂದು ಕಡೆ ಹೀಲಿಯಂ ಅನಿಲದ ಡೈಎಲೆಕ್ಟ್ರಿಕ್ ಗುಣವನ್ನು, ಮತ್ತೊಂದು ಕಡೆ ರೋಧಕದಲ್ಲಿ ಹುಟ್ಟುವ ವಿದ್ಯುತ್ ಗದ್ದಲವನ್ನು (ನಾಯ್ಸ್). ಶಬ್ದದ ವಿಧಾನವೇ ಎಲ್ಲಕ್ಕಿಂತ ನಿಖರವಾಗಿತ್ತು. ಕ್ರಿಯೆಯೇ ಅರ್ಥವಾಗಿದ್ದರೆ ಅದೊಂದೇ ಸಾಕಾಗಿತ್ತು, ಎರಡನೆಯದಕ್ಕಾಗಿ ವರ್ಷಗಟ್ಟಲೆ ಕಾಯುವ ಕಾರಣವಿರಲಿಲ್ಲ. ಕಾದರು, ಏಕೆಂದರೆ ಶಬ್ದದ ಪ್ರಯೋಗದಲ್ಲಿ ಯಾರ ಕಣ್ಣಿಗೂ ಬೀಳದ ದೋಷವೊಂದು ಅಡಗಿದ್ದರೆ ಅದನ್ನು ಅದೇ ಪ್ರಯೋಗ ಎಷ್ಟು ಸಲ ಮಾಡಿದರೂ ಹಿಡಿದುಕೊಡುತ್ತಿರಲಿಲ್ಲ.